ಯಜಮಾನರ ಗಡ್ಡ

ನಮ್ಮವರು, ಅಂದರೆ ನನ್ನ ಗಂಡ, ಕ್ಷೌರಿಕರು. ಅವರಿಗಿರುವ ಕಾಯಿಲೆಯ ಹೆಸರು ನಾರ್ಕೊಲೆಪ್ಸಿ. ಕೂತಲ್ಲಿ ನಿಂತಲ್ಲಿ ನಿದ್ದೆ ಬರುವುದು ಹಾಗಿರಲಿ, ಜೋರಾಗಿ ನಕ್ಕರೆ ಸಾಕು, ಕೈಕಾಲು ಸೋತುಹೋಗುತ್ತವೆ. ಎಚ್ಚರ ಪೂರ್ತಿ ಇರುತ್ತದೆ, ಮೈಯಲ್ಲಿ ಬಲವಿರುವುದಿಲ್ಲ. ಬೇರೆ ಕೆಲಸದವರಾಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಕ್ಷೌರದಂಗಡಿಯಲ್ಲಿ ನಗದೆ ಇರುವುದು ಹೇಗೆ? ಅಲ್ಲಿಗೆ ಬರುವವರಲ್ಲಿ ಅರ್ಧ ಜನಕ್ಕೆ ಕೂದಲು ನೆಪ, ಹರಟೆ ಮುಖ್ಯ.

ಎರಡು ವರ್ಷದ ಹಿಂದೆ ಗಿರಾಕಿಯೊಬ್ಬ ತನ್ನ ಮಾವನ ಕಥೆ ಹೇಳಿ ನಗಿಸಿದ. ನಮ್ಮವರ ಕೈಯಿಂದ ಕತ್ತಿ ಜಾರಿ ಅವನ ಕುತ್ತಿಗೆ ಸವರಿಕೊಂಡು ಮಡಿಲಿಗೆ ಬಿತ್ತು. ಗಾಯವಾಗಲಿಲ್ಲ, ಪುಣ್ಯ. ಅಂದಿನಿಂದ ಅಂಗಡಿಯ ಯಜಮಾನರು ಅವರ ಕೈಗೆ ಕತ್ತಿ ಕೊಡಲಿಲ್ಲ. ಹದಿನೆಂಟು ವರ್ಷ ಕೆಲಸ ಮಾಡಿದ ಮನುಷ್ಯ ಟವೆಲ್ ಒಗೆದು, ನೆಲ ಗುಡಿಸಿಕೊಂಡಿದ್ದರು. ಮನೆಯಲ್ಲಿ ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ಗಂಡನನ್ನು ಕೀಟಲೆ ಮಾಡದಿದ್ದರೆ ನನಗೆ ಉಂಡ ಅನ್ನ ಜೀರ್ಣವಾಗುತ್ತಿರಲಿಲ್ಲ. ಅಂಥವಳು ಎರಡು ವರ್ಷ ಒಂದು ತಮಾಷೆ ಮಾತೂ ಆಡಲಿಲ್ಲ.

ಕೊನೆಗೆ ಒಬ್ಬ ಡಾಕ್ಟರು ಹೊಸ ಔಷಧಿ ಬರೆದುಕೊಟ್ಟರು. ನೋಡಲು ನೀರಿನ ಹಾಗೆ, ರುಚಿ ಉಪ್ಪುಪ್ಪು. ಕುಡಿದರೆ ಸ್ವಲ್ಪ ಹೊತ್ತಿಗೇ ಗಾಢ ನಿದ್ದೆ. ರಾತ್ರಿ ಹಾಗೆ ಮಲಗಿದರೆ ಹಗಲು ಕೈಕಾಲು ಮಾತು ಕೇಳುತ್ತವೆ. ಅದರ ಕಟ್ಟುನಿಟ್ಟು ಮಾತ್ರ ನಮ್ಮತ್ತೆಗಿಂತ ಜಾಸ್ತಿ. ಊಟವಾಗಿ ಎರಡು ಗಂಟೆ ಕಳೆಯಬೇಕು. ಎರಡು ಪುಟ್ಟ ಲೋಟಗಳಿಗೆ ಅಳೆದು ಹಾಕಿಡಬೇಕು. ಹಾಸಿಗೆಯ ಮೇಲೆ ಕೂತೇ ಮೊದಲನೆಯದನ್ನು ಕುಡಿಯಬೇಕು. ಮೂರು ಗಂಟೆ ಬಿಟ್ಟು ಅಲಾರಂ ಹೊಡೆದಾಗ ಎರಡನೆಯದು. ಮದ್ಯವಾಗಲಿ, ಮಂಪರು ತರಿಸುವ ಯಾವುದೇ ಮಾತ್ರೆಯಾಗಲಿ ಇದರ ಜೊತೆ ಸೇರಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ಇದನ್ನು ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದ್ದರು. ಬಾಟಲಿ ಬೀರುವಿನಲ್ಲಿ, ಕೀಲಿ ನನ್ನ ಹತ್ತಿರ.

ನಾಲ್ಕು ತಿಂಗಳಲ್ಲಿ ನಮ್ಮವರು ಬೇರೆ ಮನುಷ್ಯರಾದರು. ಕತ್ತಿ ಹಿಡಿಯಬಹುದೆಂದು ಡಾಕ್ಟರೂ ಒಪ್ಪಿದರು, ನಗು ಬಂದ ಕೂಡಲೇ ಕೈ ಎತ್ತಿಬಿಡಬೇಕೆಂಬ ಷರತ್ತಿನ ಮೇಲೆ. ಯಜಮಾನರೂ ಒಂದು ಷರತ್ತು ಹಾಕಿದರು. ಮೊದಲ ಗಡ್ಡ ತಮ್ಮದೇ ಆಗಬೇಕು, ನಡುವೆ ತಾವೊಂದು ಜೋಕ್ ಹೇಳುವುದು. ಕೈ ಸೋಲದೆ ನಿಂತರೆ ಕುರ್ಚಿ ನಮ್ಮವರದು. ಇಲ್ಲದಿದ್ದರೆ ಸೋಮವಾರದಿಂದ ಬೇರೆಯವನು ಬರುತ್ತಾನೆ. ಪರೀಕ್ಷೆ ಶನಿವಾರ ಬೆಳಿಗ್ಗೆ.

ಶುಕ್ರವಾರ ರಾತ್ರಿ ಎರಡು ಲೋಟ ತುಂಬಿಟ್ಟು, ಅವರ ಅಂಗಿಯನ್ನು ಕೂದಲು ಕೊಡವಲೆಂದು ತೆಗೆದುಕೊಂಡೆ. ಜೇಬಿನಲ್ಲಿ ಮಾತ್ರೆಯ ಪಟ್ಟಿ ಸಿಕ್ಕಿತು. ಎರಡು ಗುಳಿ ಖಾಲಿ.

ಏನಿದು ಎಂದೆ. ನೆಗಡಿ ಮಾತ್ರೆ ಎಂದರು, ಲೋಟ ಕೈಗೆತ್ತಿಕೊಳ್ಳುತ್ತಾ. ಸಂಜೆಯಿಂದ ಪೌಡರಿನ ಧೂಳಿಗೆ ಸೀನು ಬರುತ್ತಿತ್ತಂತೆ. ನಾಳೆ ಯಜಮಾನರ ಗಂಟಲ ಮೇಲೆ ಕತ್ತಿ ಇಟ್ಟಾಗ ಸೀನಿದರೆ? ಅದಕ್ಕೇ ಎಂಟು ಗಂಟೆಗೆ ಎರಡು ನುಂಗಿದ್ದಾರೆ. ನಗುವಿಗೆ ಹೆದರಿ ಹೆದರಿ ಈಗ ಸೀನಿಗೂ ಹೆದರಿದ್ದರು, ಪಾಪ. ನಾನು ಪಟ್ಟಿ ತಿರುಗಿಸಿದೆ. ಹಿಂದೆ ಸಣ್ಣಕ್ಷರದಲ್ಲಿತ್ತು: ಮಂಪರು ಬರಬಹುದು, ವಾಹನ ಓಡಿಸಬೇಡಿ.

ಲೋಟ ತುಟಿಯ ಹತ್ತಿರವಿತ್ತು. ಅವರ ಮಣಿಕಟ್ಟು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಆಸ್ಪತ್ರೆಗೆ ಫೋನ್ ಹಚ್ಚಿದೆ. ಗಂಟೆ ಹೊಡೆಯುತ್ತಲೇ ಇತ್ತು. ಅವರು ಕೈ ಬಿಡಿಸಿಕೊಳ್ಳಲೂ ಇಲ್ಲ, ಲೋಟ ಕೆಳಗಿಡಲೂ ಇಲ್ಲ.

ಔಷಧಿ ವಿಭಾಗದ ಹೆಂಗಸು ಮಾತ್ರೆಯ ಹೆಸರನ್ನು ಎರಡು ಸಲ ಓದಿಸಿದಳು. ಎಷ್ಟು ಗಂಟೆಗೆ ನುಂಗಿದ್ದೆಂದು ಕೇಳಿದಳು. ಡಾಕ್ಟರನ್ನೂ ವಿಚಾರಿಸಿಕೊಂಡು ಮತ್ತೆ ಮಾತಿಗೆ ಬಂದಳು.

"ಈ ರಾತ್ರಿ ಎರಡು ಲೋಟನೂ ಕೊಡಬೇಡಿ. ಅರ್ಧನೂ ಬೇಡ. ನಾಳೆ ನಮ್ಮನ್ನ ಕೇಳಿನೇ ಮತ್ತೆ ಶುರು ಮಾಡಿ."

ಫೋನಿನ ದನಿ ಅವರಿಗೂ ಕೇಳಿಸಿತ್ತು. ಮುಖ ಇಳಿದುಹೋಯಿತು.

"ಮಾತ್ರೆಯ ಮಂಪರು ಇಳಿದುಹೋಗಿರುತ್ತೆ ಕಣೆ. ಇವತ್ತೊಂದಿನ. ಇದಿಲ್ಲದೆ ನಾಳೆ ನನ್ನ ಕೈ ನಿಲ್ಲಲ್ಲ, ನಿಂಗೊತ್ತು."

"ಕೈ ನಿಲ್ಲದಿದ್ರೆ ಕುರ್ಚಿ ಹೋಗುತ್ತೆ. ಉಸಿರು ನಿಂತ್ರೆ ನನಗೇನ್ರೀ ಉಳಿಯುತ್ತೆ?"

ಲೋಟ ಕಿತ್ತುಕೊಂಡೆ. ಎರಡನ್ನೂ ಸಿಂಕಿಗೆ ಸುರಿದೆ. ನಲ್ಲಿ ಬಿಟ್ಟು, ಅದರ ಸದ್ದಿನಲ್ಲಿ ಅತ್ತುಬಿಟ್ಟೆ. ಅವರ ಎರಡು ವರ್ಷದ ಆಸೆ ನನ್ನ ಕೈಯಿಂದಲೇ ಮೋರಿಗೆ ಹೋಗಿತ್ತು. ಕೋಪವೂ ಬಂತು, ಅವರ ಮೇಲೆ, ಆ ಹಾಳು ಪೌಡರಿನ ಮೇಲೆ. ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬೆಳಗಿನ ತನಕ ಅವರ ಉಸಿರನ್ನು ಕೇಳುತ್ತಾ ಕೂತೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ನಿಮಿಷಕ್ಕೊಮ್ಮೆ ಮಗ್ಗುಲು ಬದಲಾಯಿಸಿದರು.

ಬೆಳಿಗ್ಗೆ ಹೋಗಬೇಡಿ ಎಂದರೂ ಹೊರಟರು. ನಾನೂ ಬೆನ್ನು ಹತ್ತಿದೆ. ಯಜಮಾನರು ಉತ್ಸಾಹದಲ್ಲಿ ತಾವೇ ಮುಖಕ್ಕೆ ನೊರೆ ಹಚ್ಚಿಕೊಂಡು ಕೂತಿದ್ದರು. ಅಕ್ಕಪಕ್ಕದ ಅಂಗಡಿಯವರೆಲ್ಲ ಬಾಗಿಲಲ್ಲಿ ಸೇರಿದ್ದರು. ನಮ್ಮವರು ಕತ್ತಿ ಬಿಚ್ಚಿ ಅಲಗು ನೋಡಿದರು. ಕಣ್ಣ ಕೆಳಗೆ ಕಪ್ಪಗಾಗಿತ್ತು. ನಾನು ಕುರ್ಚಿಯ ಪಕ್ಕಕ್ಕೇ ಹೋಗಿ ನಿಂತೆ, ಬಾಯಿ ಬಿಡಲು ಸಿದ್ಧಳಾಗಿ. ಬೇಕಾಗಲಿಲ್ಲ. ಅವರು ಕತ್ತಿ ಮಡಿಸಿ ಯಜಮಾನರ ಕೈಯಲ್ಲಿಟ್ಟರು.

"ರಾತ್ರಿ ಔಷಧಿ ತಗೊಂಡಿಲ್ಲ ಯಜಮಾನ್ರೇ. ಇವತ್ತು ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ. ಕುರ್ಚಿ ಸೋಮವಾರ ಬರೋನಿಗೇ ಕೊಡಿ."

ಯಜಮಾನರು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದರು. ನೊರೆ ಒಣಗತೊಡಗಿತ್ತು. ಎದ್ದು ಟವೆಲಿನಿಂದ ಮುಖ ಒರೆಸಿಕೊಂಡರು. ಸೋಮವಾರದವನಿಗೆ ಫೋನ್ ಮಾಡಿ ಬರುವುದು ಬೇಡವೆಂದರು. ಪರೀಕ್ಷೆಯನ್ನು ಎಂಟು ದಿನ ಬಿಟ್ಟು ಭಾನುವಾರಕ್ಕೆ ಹಾಕಿದರು. ಅಲ್ಲಿಯ ತನಕ ತಮ್ಮ ಗಡ್ಡವನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ ಎಂದರು.

ಡಾಕ್ಟರನ್ನು ಕೇಳಿ ಔಷಧಿ ಮತ್ತೆ ಶುರು ಮಾಡಿದೆವು. ದಿನಾ ನುಣ್ಣಗೆ ಹೊಳೆಯುತ್ತಿದ್ದ ಯಜಮಾನರ ಕೆನ್ನೆಯಲ್ಲಿ ಬಿಳಿ ಕೂಳೆ ಬೆಳೆಯಿತು. ಕ್ಷೌರದಂಗಡಿ ಇಟ್ಟುಕೊಂಡು ಇದೇನು ಅವತಾರ ಎಂದು ಗಿರಾಕಿಗಳು ಆಡಿಕೊಂಡರು. ಅವರು ಕೆರೆದುಕೊಳ್ಳುತ್ತಾ ಸಹಿಸಿದರು.

ಭಾನುವಾರ ಅರ್ಧ ಕೆನ್ನೆ ಆಗಿದ್ದಾಗ ಯಜಮಾನರು ಜೋಕ್ ಹೇಳಿದರು. ಹಳಸಲು ಜೋಕು, ನಾನೇ ನಾಲ್ಕು ಸಲ ಕೇಳಿದ್ದೆ. ನಮ್ಮವರು ಮೊದಲು ಕತ್ತಿ ಎತ್ತಿ ದೂರ ಹಿಡಿದರು, ಆಮೇಲೆ ನಕ್ಕರು. ದವಡೆ ಒಂದು ಕ್ಷಣ ಜೋತುಬಿತ್ತು. ಕೈ ನಿಂತಲ್ಲೇ ನಿಂತಿತ್ತು. ನಗು ಮುಗಿಸಿ ಇನ್ನರ್ಧ ಕೆನ್ನೆಗೆ ಬಂದರು.

ಆ ರಾತ್ರಿ ಎರಡು ಲೋಟಕ್ಕೂ ಔಷಧಿ ಅಳೆದು ಹಾಕಿದೆ. ಅವರು ಹಾಸಿಗೆಯ ಮೇಲೆ ಕೂತಿದ್ದರು.

"ಯಜಮಾನ್ರ ಎಡಗಿವಿ ಕೆಳಗೆ ನಾಲ್ಕು ಕೂದಲು ಹಾಗೇ ಬಿಟ್ಟಿದ್ದೀರಲ್ರೀ, ಬೀಜಕ್ಕಾ?" ಎಂದೆ.

ಎರಡು ವರ್ಷದ ಮೇಲೆ ನಮ್ಮ ಮನೆಯಲ್ಲಿ ಅವರು ಜೋರಾಗಿ ನಕ್ಕರು.