ಕೆಂಪು ಟೋಪಿಯ ಎಂ.ಪಿ.

ಒಬ್ಬ ಎಂ.ಪಿ.ಯನ್ನು ಕಾಲರು ಹಿಡಿದು, ಒಂದೇ ಕೈಯಲ್ಲಿ ಮೇಲೆತ್ತಿ, ಬೇಲಿಯ ಮೇಲೆ ಒದ್ದೆ ಪಂಚೆಯ ಹಾಗೆ ಒಣಹಾಕಿದವನು ನಾನು. ಅವನ ಕಿರುಚಾಟಕ್ಕೆ ತಾಯಲೂರು ಕೆರೆಯ ಮೀನೆಲ್ಲ ದಡಕ್ಕೆ ಹಾರಿದ್ದವು. ನಂಬದವರು ಮುಳಬಾಗಿಲು ಬಸ್ ನಿಲ್ದಾಣದ ಎದುರಿನ ಮುನಿಯಲ್ಲಪ್ಪನ ಹೋಟೆಲಿನಲ್ಲಿ ವಿಚಾರಿಸಬಹುದು. ಈ ಕಥೆಯನ್ನು ನನ್ನ ಬಾಯಿಂದ ಕೇಳದ ಬೆಂಚು ಅಲ್ಲಿ ಒಂದೂ ಇಲ್ಲ.

ನಡೆದದ್ದು ಎಂಬತ್ತೊಂದರ ಬೇಸಿಗೆಯಲ್ಲಿ. ನಮ್ಮೂರಿಗೂ ತೋಟಗಳಿಗೂ ನಡುವಿನ ಗೋಮಾಳದಲ್ಲಿ ಮಿಲಿಟರಿ ಕ್ಯಾಂಪು ಬಂದು ಕೂತಿತ್ತು. ತಾತಂದಿರ ಕಾಲದ ಗಾಡಿದಾರಿ ಅದರ ಹೊಟ್ಟೆಯೊಳಗೇ ಹಾದುಹೋಗುತ್ತಿತ್ತು. ಸಿಪಾಯಿಗಳು ನಮ್ಮನ್ನು ತಡೆದವರಲ್ಲ. ಆದರೆ ಸಂಜೆಯಾದರೆ ಅವರೂ ಅದೇ ದಾರಿಯಲ್ಲಿ ನಮ್ಮೂರ ಸಾರಾಯಿ ಅಂಗಡಿಗೆ ಬರುತ್ತಿದ್ದರು. ಒಂದು ದಿನ ಅವರಲ್ಲೇ ಇಬ್ಬರು ಕುಡಿದು ತಲೆ ಒಡೆದುಕೊಂಡರು. ಮರುದಿನ ದಾರಿಗೆ ಅಡ್ಡ ಗಳ ಬಿತ್ತು. ಕೆಂಪು ಟೋಪಿ, ಬಿಳಿ ಬೆಲ್ಟು, ತೋಳಿಗೊಂದು ಪಟ್ಟಿ ಕಟ್ಟಿದವನೊಬ್ಬ ಅದರ ಪಕ್ಕ ಲಾಠಿ ಹಿಡಿದು ನಿಂತ. ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಕಾಲಿಡುವಂತಿಲ್ಲ.

ಇದರಲ್ಲಿ ಸಿಕ್ಕಿಬಿದ್ದವಳು ನನ್ನ ದೊಡ್ಡಪ್ಪನ ಮಗಳು ಅಕ್ಕಯಮ್ಮ. ಅವಳ ರೇಷ್ಮೆ ಹುಳುಗಳು ನಾಲ್ಕನೇ ಜ್ವರ ಎದ್ದು, ಎಂದರೆ ಕೊನೆಯ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ಮುಂಚಿನ ರಾಕ್ಷಸ ಹಸಿವಿನಲ್ಲಿದ್ದವು. ಹಿಪ್ಪುನೇರಳೆ ಸೊಪ್ಪಿನ ತೋಟ ಕ್ಯಾಂಪಿನ ಆಚೆ. ಕೆರೆ ಏರಿಯನ್ನು ಸುತ್ತಿಕೊಂಡು ತಂದರೆ ಬಿಸಿಲಿಗೆ ಸೊಪ್ಪು ಬಾಡುತ್ತಿತ್ತು. ಬಾಡಿದ್ದನ್ನು ಹುಳು ಮೂಸುವುದಿಲ್ಲ. ಸೊಪ್ಪು ಹಾಕಿದರೆ ಹುಳು ಮೇಯುವುದಕ್ಕೆ ಮಳೆ ಸುರಿದ ಹಾಗೆ ಸದ್ದಾಗುತ್ತಿದ್ದ ಮನೆ ಮೂಕವಾಯಿತು. ತಟ್ಟೆಗಳಲ್ಲಿ ಹುಳುಗಳು ಸುಮ್ಮನೆ ತಲೆ ಎತ್ತಿ ಎತ್ತಿ ಹುಡುಕುತ್ತಿದ್ದವು.

"ಯಾರೋ ಕೋದಂಡ ಅವ್ನು, ದಾರಿ ಮುಚ್ಚಿರೋ ನನ್ಮಗ?" ಎಂದು ನನ್ನನ್ನು ಕೇಳಿದಳು.

ಊರಿಗೆಲ್ಲ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಹೋಗಿ ದೂರದಿಂದಲೇ ಅವನ ತೋಳಪಟ್ಟಿ ಓದಿಕೊಂಡು ಬಂದೆ. ಎರಡೇ ಅಕ್ಷರ.

"ಅಕ್ಕಾ, ಸಾಮಾನ್ಯದವನಲ್ಲ ಅವ್ನು. ಎಂ.ಪಿ.!"

ಊರು ಹೊತ್ತಿಕೊಂಡಿತು. ನಮ್ಮ ಎಂ.ಪಿ.ಯ ಮುಖವನ್ನು ಕಂಡವರು ಯಾರಿದ್ದರು, ಅಲ್ಲವೆನ್ನಲಿಕ್ಕೆ?

"ನಮ್ಮ ವೋಟು ಇಸ್ಕೊಂಡು ಹೋದೋನು, ಈಗ ಬಂದಿರೋದು ದಾರಿ ಮುಚ್ಚಕ್ಕೇನ್ಲಾ?" ಎಂದು ಪಕ್ಕದ ಮನೆಯ ಕದಿರಪ್ಪ ಟವಲು ಕೊಡವಿ ಎದ್ದ. ಅವನ ಹಿಂದೆ ಊರೇ ಹೊರಟಿತು. ಗಳದ ಮುಂದೆ ನಿಂತು, "ನಮ್ಮ ವೋಟು ವಾಪಸ್ ಕೊಡ್ಲಾ!" ಎಂದು ಕೂಗಿತು.

ಕೆಂಪು ಟೋಪಿಯವನು ಕಣ್ಣು ಕಣ್ಣು ಬಿಟ್ಟ. ಚಿತ್ತೂರು ಕಡೆಯವನಂತೆ. "ಏಂ ಓಟು? ನೇನು ಮಿಲಿಟರಿ ಪೋಲೀಸು!" ಎಂದ. ಸಿಪಾಯಿಗಳನ್ನು ಹದ್ದುಬಸ್ತಿನಲ್ಲಿಡುವುದೇ ತನ್ನ ಕೆಲಸ, ಅವರು ಸಾರಾಯಿಗೆ ನುಗ್ಗದಿರಲೆಂದೇ ದಾರಿ ಮುಚ್ಚಿದ್ದು ಎಂದು ತೆಲುಗಿನಲ್ಲೇ ವಿವರಿಸಿದ. ನಮ್ಮ ಕಡೆ ತೆಲುಗು ಬಾರದವರು ಯಾರು? ಎಲ್ಲರಿಗೂ ಅರ್ಥವಾಯಿತು, ಸಿಟ್ಟು ಇನ್ನೂ ಏರಿತು.

ಆಗ ನಾನು ಮುಂದೆ ನುಗ್ಗಿದೆ. "ನೀನು ಸಿಪಾಯಿಗಳ ಪೋಲೀಸು ತಾನೆ? ನಾವೇನು ಸಿಪಾಯಿಗಳಾ? ಕಾಲಲ್ಲಿ ಬೂಟು ಐತಾ ನೋಡು! ಕುಡಿಯೋರು ನಿಮ್ಮೋರು, ಉಪವಾಸ ಬೀಳೋದು ನಮ್ಮ ಹುಳಾನಾ?" ಎಂದು ಗರ್ಜಿಸಿ, ಗಳ ಕಿತ್ತೆಸೆದು, ಅವನ ಕಾಲರಿಗೆ ಕೈ ಹಾಕಿದೆ.

ಹೋದ ಸೋಮವಾರ ಹೋಟೆಲಿನಲ್ಲಿ ಇಷ್ಟು ಹೇಳಿ ಟೀ ಲೋಟ ಎತ್ತುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು. "ಲೇ ಕೋದಂಡ, ಬೂಟಿನ ಮಾತು ಆಡಿದ್ಯಾರು?"

ಶ್ರೀನಿವಾಸಪುರದ ಬಸ್ಸಿಗೆ ಕಾದಿದ್ದ ಅಕ್ಕಯಮ್ಮ.

"ನೀನೇ ಅಕ್ಕಾ."

"ಗಳ ಎತ್ತಿದ್ಯಾರು?"

"ನೀನೇ."

"ಅವ್ನು ಸೀಟಿ ಊದಿದಾಗ ನೀನೆಲ್ಲಿದ್ದೆ?"

ನಾನು ನಗಲು ನೋಡಿದೆ.

"ಹಲ್ಲು ಬಿಡ್ಬೇಡ! ಅರ್ಧ ಮನೆ ಹುಳ ತಿಪ್ಪೆಗೆ ಹೋಯ್ತು. ಅದು ನಿನಗೆ ಟೀ ಕುಡಿಯೋ ಕಥೆಯೇನೋ? ಹೇಳು, ಎಲ್ಲಿದ್ದೆ?"

ಮುನಿಯಲ್ಲಪ್ಪ ಸಕ್ಕರೆ ಕಲಕುವುದನ್ನು ಬಿಟ್ಟು ನಮ್ಮ ಬೆಂಚಿನ ಹತ್ತಿರವೇ ಬಂದ.

ದಾರಿ ಪಕ್ಕದ ಕಾಲುವೆಯಲ್ಲಿದ್ದೆ. ಸೀಟಿ ಕೇಳಿದ್ದೇ ಹಾರಿ, ಕೆಸರಿನಲ್ಲಿ ಮಕಾಡೆ ಮಲಗಿದ್ದೆ. ಅಲ್ಲಿಂದ ಕಂಡದ್ದಿಷ್ಟು. ಅಕ್ಕಯಮ್ಮ ಸೊಪ್ಪು ತುಂಬುವ ಮಂಕರಿಯನ್ನು ಕಂಕುಳಿಗೆ ಸಿಕ್ಕಿಸಿ, ಗಳವನ್ನು ತಲೆಯ ಮೇಲಕ್ಕೆ ಎತ್ತಿ ನಡೆದಳು. ಅವನು ಲಾಠಿ ಎತ್ತಿದ, ಅವಳ ಮುಖ ನೋಡಿದ, ಇಳಿಸಿದ. ಆಮೇಲೆ ಸಿಪಾಯಿಗಳನ್ನು ಹುಡುಕುವವನ ಹಾಗೆ ಆ ಕಡೆ ತಿರುಗಿ ನಿಂತ. ಅವನ ಕಾಲರನ್ನು ಯಾರೂ ಮುಟ್ಟಲಿಲ್ಲ. ಹಸಿ ಸೊಪ್ಪು ಮನೆ ಸೇರಿತು, ಆದರೆ ಅರ್ಧ ತಟ್ಟೆಗಳಿಗೆ ಅದು ತಡವಾಗಿತ್ತು.

ಇದನ್ನೆಲ್ಲ ಅಷ್ಟು ಜನರ ಮುಂದೆ ಒಪ್ಪಿಕೊಂಡೆ. ಸತ್ತ ಹುಳುಗಳನ್ನು ತಿಪ್ಪೆಗೆ ಹೊರುವಾಗ ಮಾತ್ರ ನಾನೂ ಕೈ ಹಾಕಿದ್ದೆ ಎಂದು ಕೊನೆಗೆ ಸೇರಿಸಿದೆ.

ಅಕ್ಕಯಮ್ಮ ನನ್ನನ್ನೇ ನೋಡಿದಳು.

ಇಲ್ಲ, ಅದಕ್ಕೂ ಹೋಗಿರಲಿಲ್ಲ.