ಬಾವ್‌ಚೂಳನ್ನು ಕೇಳಿದ ಪ್ರಶ್ನೆ

ಜಿನ್‌ಟೂ ಕೂಗಾಡಲು ಶುರು ಮಾಡಿದರೆ ಓಣಿಯ ಕೊನೆಯ ಮನೆಗೂ ಕೇಳಿಸುತ್ತಿತ್ತು. ಮೂರು ವರ್ಷದ ಕೆಳಗೆ ಲಕ್ವ ಹೊಡೆದು ಅವನ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಈಚೆಗೆ ಮಾತ್ರೆ ಉಗಿಯುತ್ತಿದ್ದ, ಗೆಣಸಿನ ಗಂಜಿಯ ಬಟ್ಟಲನ್ನು ಎಡಗೈಯಿಂದ ಎಸೆಯುತ್ತಿದ್ದ. ನೆರೆಯವರು ತಾಳುವಷ್ಟು ತಾಳಿದರು. ಕೊನೆಗೆ ಊರಿನ ಮುಖ್ಯಸ್ಥ ಪಟ್ಟಣದ ಮಾನಸಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದ.

ಜಿನ್‌ಟೂವಿನ ಅಕ್ಕ ಯೂಲಾನ್‌ಗೆ ಈ ಸುದ್ದಿ ಮುಟ್ಟಿದ್ದು ಸಿಂಪಿ ಒಡೆದು ಒಳಗಿನ ಮಾಂಸ ತೆಗೆಯುವ ಶೆಡ್ಡಿನಲ್ಲಿ. ತೈವಾನಿನ ಪಶ್ಚಿಮ ಕರಾವಳಿಯ ಆ ಊರಿನಲ್ಲಿ ಹೆಂಗಸರಿಗೆಲ್ಲ ಅದೇ ಕೆಲಸ.

"ನಮ್ಮನೇಲಿ ಹುಚ್ಚರಿದಾರಾ, ಕೇಂದ್ರದೋರು ಬರೋಕೆ?" ಎಂದು ಅವಳು ಸಿಡುಕಿದಳು.

"ಹುಚ್ಚಿಗೆ ಮಾತ್ರ ಅಲ್ವಂತೆ ಕಣೇ. ಮನಸ್ಸಿಗೆ ಸುಸ್ತಾದೋರ ಹತ್ರಾನೂ ಬರ್ತಾರಂತೆ," ಎಂದಳು ಪಕ್ಕದವಳು.

"ಮನಸ್ಸಿಗೆಂಥ ಸುಸ್ತು! ನನ್ನ ತಮ್ಮನ ಹೆಂಡ್ತಿ ಬಾವ್‌ಚೂನ ನೋಡು. ಗಂಡನ ಹೇಲು ಉಚ್ಚೆ ಬಳಿದು, ಇಲ್ಲಿ ಬಂದು ದುಡಿದು, ನಿಮ್ಮನ್ನೆಲ್ಲ ನಗಿಸಿ ಹೋಗ್ತಾಳೆ. ಅವಳಿಗಿಲ್ಲದ ಸುಸ್ತು ನಿಮಗೆಲ್ಲಿಂದ ಬಂತ್ರೇ?"

ಬುಧವಾರ ಬೆಳಗ್ಗೆ ಸ್ಕೂಟರಿನಲ್ಲಿ ಒಬ್ಬ ಹುಡುಗಿ ಜಿನ್‌ಟೂವಿನ ಮನೆಗೆ ಬಂದಳು. ಹೆಸರು ಪೆಯ್‌ಶಾನ್, ಕೇಂದ್ರದ ಸಮಾಜ ಕಾರ್ಯಕರ್ತೆ. ಇವಳೇನು ಹೇಳಿಬಿಡುತ್ತಾಳೋ ಎಂದು ಯೂಲಾನ್ ಕಾವಲಿಗೆ ಕೂತಹಾಗೆ ಕೂತಳು.

ಪೆಯ್‌ಶಾನ್ ಮೊದಲು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಜಿನ್‌ಟೂವನ್ನೇ ಕೇಳಿದಳು. "ಚಿಕ್ಕಪ್ಪ, ಮಾತ್ರೆ ಯಾಕೆ ಬೇಡ?"

ಅವನ ನಾಲಿಗೆ ತಡವರಿಸಿತು. ಅವಳು ಅವಸರ ಮಾಡಲಿಲ್ಲ, ಸುಮ್ಮನೆ ಕಾದಳು.

"ಉಚ್ಚೆ... ಜಾಸ್ತಿ. ಅವಳಿಗೆ... ಕೆಲಸ ಜಾಸ್ತಿ."

ಯೂಲಾನ್ ತಮ್ಮನ ಕಡೆ ತಿರುಗಿದಳು. ಹಟಮಾರಿ ಎಂದು ಅವನನ್ನು ಎಷ್ಟು ಸಲ ಬೈದಿದ್ದಳು! ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಬಾವ್‌ಚೂ ಚಹಾ ತಂದಳು. ಪೆಯ್‌ಶಾನ್ ಗೋಡೆಗೆ ಅಂಟಿಸಿದ್ದ ಕಾಗದ ನೋಡುತ್ತಿದ್ದಳು. ಜಿನ್‌ಟೂವಿನ ಊಟ, ಔಷಧಿ, ಮಗ್ಗುಲು ಬದಲಿಸುವ ಹೊತ್ತು, ಎಲ್ಲವೂ ದಪ್ಪಕ್ಷರದಲ್ಲಿ.

"ಇದು ಯಾರಿಗೆ ಚಿಕ್ಕಮ್ಮ? ನಿಮಗಂತೂ ಬಾಯಿಪಾಠ ಆಗಿರುತ್ತೆ."

"ಅತ್ತಿಗೆಗೆ ಗೊತ್ತಿರಲಿ ಅಂತ."

"ಅವಳು ಅಷ್ಟು ಅಚ್ಚುಕಟ್ಟು ಕಣಮ್ಮ," ಎಂದಳು ಯೂಲಾನ್ ಹೆಮ್ಮೆಯಿಂದ. "ಮನಸ್ಸೂ ದೊಡ್ಡದು. ತನ್ನ ಹಸಿರು ಕಲ್ಲಿನ ಬಳೆ ನನ್ನ ಮಗಳಿಗೆ ಕೊಟ್ಲು. ಹೋದ ವಾರ ತಾನು ಸಿಂಪಿ ಒಡೆಯೋ ಚೂರಿಯನ್ನೇ ನನಗೆ ಕೊಟ್ಟುಬಿಟ್ಲು!"

ಪೆಯ್‌ಶಾನ್ ಚಹಾದ ಲೋಟ ಕೆಳಗಿಟ್ಟಳು.

"ಚಿಕ್ಕಮ್ಮ, ನೇರವಾಗಿ ಕೇಳ್ತೀನಿ. ಸಾಯಬೇಕು ಅಂತ ಯೋಚನೆ ಬರ್ತಿದೆಯಾ?"

ಯೂಲಾನ್ ದಡಕ್ಕನೆ ಎದ್ದಳು. "ಥೂ ಥೂ! ಬಿಡ್ತು ಅನ್ನು! ತೀರಿಕೊಂಡ ಹಿರಿಯರನ್ನ ಪೂಜಿಸೋ ಪೀಠದ ಎದುರಿಗೆ ಎಂಥ ಮಾತು! ಇಲ್ಲದ್ದನ್ನ ತಲೇಲಿ ತುಂಬೋಕೆ ಬಂದಿದೀಯಾ?"

ಬಾವ್‌ಚೂ ನೆಲ ನೋಡುತ್ತಿದ್ದಳು. "ಹೌದು," ಎಂದಳು.

ಯೂಲಾನ್ ನಂಬಲಿಲ್ಲ. ತಪ್ಪಾಗಿ ಕೇಳಿಸಿತೇನೋ ಎಂದು ತಮ್ಮನ ಕಡೆ ನೋಡಿದಳು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳಿಗೆ ಆ ಚೂರಿ ನೆನಪಾಯಿತು. ಚೂರಿ ಕೊಟ್ಟ ದಿನ, ನನಗೇ ಯಾಕೆ ಕೊಟ್ಟೆ ಎಂದು ಕೂಡ ಕೇಳದೆ ಚೀಲಕ್ಕೆ ಹಾಕಿಕೊಂಡಿದ್ದಳಲ್ಲ!

"ನೋಡು, ನೀನು ಕೇಳಿದ್ದಕ್ಕೇ..." ಎಂದು ಪೆಯ್‌ಶಾನ್ ಕಡೆ ತಿರುಗಿ ತೊದಲಿದಳು.

"ಇಲ್ಲ ಅತ್ತಿಗೆ," ಬಾವ್‌ಚೂ ತಲೆ ಎತ್ತಿದಳು. "ಯಾರಾದ್ರೂ ಕೇಳ್ಲಿ ಅಂತ ಆರು ತಿಂಗಳಿಂದ ಕಾಯ್ತಿದ್ದೆ. ಎಲ್ಲರೂ ಗಟ್ಟಿಗಿತ್ತಿ, ಗಟ್ಟಿಗಿತ್ತಿ ಅಂತಿದ್ರಿ. ಗಟ್ಟಿಗಿತ್ತಿ ಯಾವ ಬಾಯಲ್ಲಿ ಹೇಳ್ತಾಳೆ?"

ಪೆಯ್‌ಶಾನ್ ಗಾಬರಿಯಾಗಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. "ಹೇಳಿದ್ದು ಒಳ್ಳೇದಾಯ್ತು," ಎಂದು ಅವಳ ಕೈ ಹಿಡಿದಳು. ಯಾವಾಗಿನಿಂದ ಹೀಗೆ, ಇವತ್ತು ಎಷ್ಟು ಕಷ್ಟವಾಗುತ್ತಿದೆ, ಏನಾದರೂ ಸಿದ್ಧ ಮಾಡಿಕೊಂಡಿದ್ದೀರಾ ಎಂದು ಒಂದೊಂದಾಗಿ ವಿಚಾರಿಸಿದಳು. ಬಾವ್‌ಚೂ ತೆಗೆದಿಟ್ಟುಕೊಂಡಿದ್ದ ಅಪಾಯದ ವಸ್ತು ಆಗಲೇ ಯೂಲಾನ್‌ಳ ಮನೆ ಸೇರಿತು.

"ಊರಿಗೆ ಗೊತ್ತಾದ್ರೆ ಮಾನ ಹೋಗುತ್ತಮ್ಮ. ಯಾರಿಗೂ ಹೇಳ್ಬೇಡ," ಎಂದು ಯೂಲಾನ್ ಬೇಡಿಕೊಂಡಳು.

"ಊರಿಗೆ ಹೇಳಲ್ಲ ದೊಡ್ಡಮ್ಮ. ಆದ್ರೆ ಜೀವದ ಮಾತು. ಡಾಕ್ಟರಿಗೆ ಹೇಳಲೇಬೇಕು. ಅದನ್ನ ಚಿಕ್ಕಮ್ಮನ ಮುಂದೇನೇ ಹೇಳ್ತಿದೀನಿ. ಇವತ್ತೇ ಆಸ್ಪತ್ರೆಗೆ ಹೋಗೋಣ. ಅವರನ್ನ ಒಂಟಿಯಾಗಿ ಬಿಡಬಾರದು. ಜೊತೆಗೆ ಯಾರಿರ್ತೀರಿ?"

"ನಾನಿರ್ತೀನಿ," ಎಂದಳು ಯೂಲಾನ್. ಜಿನ್‌ಟೂವನ್ನು ನೋಡಿಕೊಳ್ಳಲು ಮಗಳನ್ನು ಕರೆಸಿದಳು.

ಡಾಕ್ಟರು ಅದಕ್ಕೆ ಖಿನ್ನತೆ ಎಂದು ಹೆಸರಿಟ್ಟು ಔಷಧಿ ಬರೆದುಕೊಟ್ಟರು. ಜಿನ್‌ಟೂವಿನ ಮಾತ್ರೆಯ ಹೊತ್ತು ಬದಲಾಯಿತು. ಅವನನ್ನು ನೋಡಿಕೊಳ್ಳಲು ವಾರಕ್ಕೆ ಮೂರು ದಿನ ಸಹಾಯಕಿ ಬರತೊಡಗಿದಳು. ಪೆಯ್‌ಶಾನ್ ಹದಿನೈದು ದಿನಕ್ಕೊಮ್ಮೆ ಬಂದು ಗಂಡ ಹೆಂಡತಿ ಇಬ್ಬರ ಮಾತನ್ನೂ ಕೇಳುತ್ತಿದ್ದಳು. ಎಲ್ಲವೂ ಒಮ್ಮೆಗೇ ಸರಿಹೋಗಲಿಲ್ಲ. ಕೆಲವು ದಿನ ಬೆಳಗ್ಗೆ ಬಾವ್‌ಚೂಗೆ ಹಾಸಿಗೆಯಿಂದ ಏಳಲೂ ಆಗುತ್ತಿರಲಿಲ್ಲ.

ನಾಲ್ಕು ತಿಂಗಳ ನಂತರ ಒಂದು ಮಧ್ಯಾಹ್ನ ಯೂಲಾನ್ ಬಂದು ಬಾಗಿಲಲ್ಲೇ ಕೇಳಿದಳು. "ಈ ವಾರ ಆ ಯೋಚನೆ ಬಂತೇನೇ?"

"ಒಂದು ಸಲ ಬಂತು ಅತ್ತಿಗೆ. ನಿಮಗೆ ಫೋನ್ ಮಾಡಿದ್ನಲ್ಲ, ಅವತ್ತು."

"ಮೀನಿನ ರೇಟು ಕೇಳೋಕೆ ಮಾಡಿದೀಯ ಅನ್ಕೊಂಡೆ!"

"ನಿಮ್ಮ ದನಿ ಕೇಳೋಕೆ ಮಾಡಿದ್ದೆ. ಬನ್ನಿ, ಅನ್ನ ಆರ್ತಿದೆ."

ಓದುಗರೇ, ನಿಮ್ಮ ಮನೆಯಲ್ಲಿ, ಸಂಘದಲ್ಲಿ, ಪಕ್ಕದ ಮನೆಯಲ್ಲಿ ಎಲ್ಲರ ಭಾರ ಹೊತ್ತು ನಗುವವರು ಒಬ್ಬರಾದರೂ ಇರುತ್ತಾರೆ. ಅವರು ಪ್ರೀತಿಯ ವಸ್ತುಗಳನ್ನು ಹಂಚುತ್ತಿದ್ದರೆ, ತಾವಿಲ್ಲದ ದಿನಕ್ಕೆಂಬಂತೆ ಎಲ್ಲವನ್ನೂ ಒಪ್ಪ ಮಾಡುತ್ತಿದ್ದರೆ, ಹತ್ತಿರ ಕೂತು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೇ ಬೇಯುತ್ತಿರುವವರಿಗೆ ಬಾಯಿಬಿಡಲು ದಾರಿಯಾಗುತ್ತದೆ. ಹೌದು ಎಂದರೆ ಬೈಯಬೇಡಿ, ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಮ್ಮಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಇದನ್ನು ಓದುತ್ತಿರುವ ನಿಮ್ಮ ಮನಸ್ಸಿನಲ್ಲೇ ಆ ಯೋಚನೆ ಇದ್ದರೆ, ಯಾರಾದರೂ ಕೇಳಲಿ ಎಂದು ಕಾಯಬೇಡಿ. ಈಗಲೇ ಒಬ್ಬರಿಗೆ ಹೇಳಿ.