ಪ್ರೊಫೈಲಿಗೆ ನಿಲುಕದ ಹಳದಿ

ಮೋಡ ಮುಸುಕಿದ ಆ ಅಪರಾಹ್ನದ ಬೆಳಕು ಎಲ್ಲಿಯೂ ನಿಲ್ಲಲೊಲ್ಲದು! ಒಂದು ಗಳಿಗೆ ಕಿಟಕಿಯ ಗಾಜಿನ ಮೇಲೆ ರಜತಪ್ರಭೆಯಾಗಿ ಹೊಳೆದು, ಮರುಗಳಿಗೆ ಬೂದಿಯಂತೆ ಆರಿ, ಒಳಬರಲೋ ಬೇಡವೋ ಎಂದು ತಡವರಿಸುವ ಅತಿಥಿಯಂತೆ ಸುಳಿದಾಡುತ್ತಿತ್ತು... ಸಹೃದಯರೇ, ಸ್ಟುಡಿಯೋದಲ್ಲಿ ಸ್ಕ್ಯಾನರಿನ ಮುಂದೆ ಕುಳಿತವಳ ಅಂತರಂಗವೂ ಹಾಗೆಯೇ ತಳಮಳಿಸುತ್ತಿತ್ತು.

ಪತಿ ಹೆಸರಾಂತ ಛಾಯಾಗ್ರಾಹಕ. ಆತನ ಯೌವನಕಾಲದ ಫಿಲ್ಮ್ ಸ್ಲೈಡುಗಳನ್ನು ಪ್ರದರ್ಶನಕ್ಕೆಂದು ಸ್ಕ್ಯಾನ್ ಮಾಡುವ ಕೆಲಸ ಅವಳದು. ಬಣ್ಣದ ಚೌಕಗಳಿದ್ದ ಮಾದರಿ ಫಿಲ್ಮನ್ನು ಮೊದಲು ಸ್ಕ್ಯಾನ್ ಮಾಡಿ, ಪ್ರತಿ ಚೌಕದ ನಿಜವರ್ಣಕ್ಕೂ ಯಂತ್ರ ಕಂಡ ವರ್ಣಕ್ಕೂ ಇರುವ ಅಂತರವನ್ನಳೆದು, ಆ ತಿದ್ದುಪಡಿಗಳನ್ನೆಲ್ಲ ಒಂದು ಪ್ರೊಫೈಲಿನಲ್ಲಿ ಅಡಕಗೊಳಿಸಿದ್ದಳು. ಆದರೂ ಆತನಿಗೆ ಸಮಾಧಾನವಿಲ್ಲ.

"ಈ ಅಲೆಯ ನೊರೆ ಹಾಲಿನ ಹಾಗಿತ್ತು. ಇಲ್ಲಿ ಹಳದಿ ಹೊಡೀತಿದೆ. ಇನ್ನೂ ಸ್ವಲ್ಪ ನೀಲಿ ಹಾಕು."

ಹಾಕಿದಳು. ಮತ್ತೆ ಅದೇ ಮಾತು. ಅವಳ ಕಣ್ಣಿಗೆ ಕಡಲೆಲ್ಲ ವಿಷವೇರಿದಂತೆ ನೀಲಿಗಟ್ಟಿತ್ತು! ಒಂದು ಶಂಕೆ ಎದೆಯಲ್ಲಿ ಮಿಂಚಲು, ಬಿಳಿ ಹಾಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದು ಯಾವ ಬಣ್ಣ, ಹೇಳಿ?"

"ಹಳೇ ಕಾಗದ. ಮಾಸಿ ಹೋಗಿದೆ."

ಹೇಳುವುದೋ, ನುಂಗಿಕೊಳ್ಳುವುದೋ? ಕಣ್ಣನ್ನೇ ಬಾಳಾಗಿಸಿಕೊಂಡವನ ಅಭಿಮಾನವನ್ನು ಮುರಿಯುವುದೆಂತು...

"ಕಾಗದ ಹೊಸದು ರೀ. ಕಟ್ಟು ಬಿಚ್ಚಿದ್ದೇ ಈಗ."

ಆತ ಎದ್ದು ಹೊರಟುಹೋದ. ಅವಳು ಬಾಗಿಲಿಗೂ ಕಿಟಕಿಗೂ ಅಲೆದಳು. ಚಹಾ ಮಾಡಿದಳು, ಕುಡಿಯಲಿಲ್ಲ. ಮುಗಿಲು ಕೆಂಪೇರುವ ಹೊತ್ತಿಗೆ ಆತ ಬಂದು ಪಕ್ಕದಲ್ಲೇ ಕುಳಿತ.

"ಕಣ್ಣಿಗೆ ಪೊರೆ ಬಂದಿದೆಯಂತೆ. ಬಿಳಿಯೆಲ್ಲ ಹಳದಿಯಾಗಿ ಕಾಣೋದು ಅದಕ್ಕೇ ಅಂತೆ. ಡಾಕ್ಟರು ಆಪರೇಷನ್ ಮಾಡೋಣ ಅಂದ್ರು." ಅವಳತ್ತ ತಿರುಗಿ ಕೇಳಿದ: "ನಂಗೆ ಹೇಳೋಕೆ ಭಯ ಆಯ್ತಾ?"

"ಆಯ್ತು."

ಶಸ್ತ್ರಚಿಕಿತ್ಸೆ ಮುಗಿಯಿತು. ಕಣ್ಪಟ್ಟಿ ಕಳಚಿದ ದಿನ ಆತ ನೇರ ಸ್ಟುಡಿಯೋಗೇ ಬಂದ. ಅವಳು ನೀಲಿ ಬೆರೆಸದ ಮೊದಲಿನ ಪ್ರೊಫೈಲಿನಲ್ಲೇ ಕಡಲಿನ ಚಿತ್ರವನ್ನು ತೆರೆದಳು. ನೊರೆ ಹಾಲಿನಂತೆ ಉಕ್ಕುತ್ತಿತ್ತು!

"ನೀನು ಮಾಡಿದ್ದೇ ಸರಿ," ಎಂದವನ ದೃಷ್ಟಿ ಪರದೆಯಿಂದ ಜಾರಿ ಅವಳ ಮುಖದಲ್ಲಿ ನೆಟ್ಟಿತು. ಅವಳಿಗೆ ಎಲ್ಲಿಲ್ಲದ ಸಂಕೋಚ. ಕಣ್ಣಂಚಿನ ಸುಕ್ಕುಗಳು, ಬೆಳ್ಳಗಾದ ಮುಂಗುರುಳು, ಎಲ್ಲವೂ ಈಗ ಆತನಿಗೆ ನಿಚ್ಚಳವಾಗಿ ಕಾಣುತ್ತಿರಬೇಕಲ್ಲ...

"ಮುದುಕಿ ಆಗ್ಬಿಟ್ಟಿದೀನಿ, ಅಲ್ವಾ?"

"ಆಗಿದೀಯ. ನಾನೇ ನೋಡಿರ್ಲಿಲ್ಲ. ಮುಖ ತಿರುಗಿಸ್ಬೇಡ, ಇನ್ನೂ ಸ್ವಲ್ಪ ಹೊತ್ತು ನೋಡ್ತೀನಿ."

ಯಂತ್ರದ ದೃಷ್ಟಿದೋಷವನ್ನು ಅಳೆದು ತಿದ್ದಬಹುದು. ಆದರೆ ತನ್ನ ಕಣ್ಣೇ ತಪ್ಪಿತ್ತೆಂದು ಒಪ್ಪಿ, ಬಹುಕಾಲದ ಸಂಗಾತಿಯನ್ನು ಮತ್ತೊಮ್ಮೆ ಮೊದಲಿನಿಂದ ನೋಡಲು ಕೂರುವ ಮನಸ್ಸೊಂದಿದೆಯಲ್ಲ... ಒಲವೆಂದು ನಾವು ಕರೆಯುವುದು ಬಹುಶಃ ಆ ವಿನಯವನ್ನೇ!